ಒಂಬತ್ತನೇ ಪುಟದ ಹೊರತು

ಅಕ್ಟೋಬರ್ 21

ಕಾಫಿ, ಒಣ ಬ್ರೆಡ್ಡು. ನಮ್ಮ ಕೋರ್ಟಿನಿಂದ ಅನುವಾದಕ್ಕೆ ಇಂಗ್ಲೆಂಡಿನ ಕೋರ್ಟಿನ ಆದೇಶ ಬಂದಿದೆ — ಹದಿನಾಲ್ಕು ಪುಟ. ಹನ್ನೊಂದು ವರ್ಷದ ತಮಾರಾಳನ್ನು ಇಂಗ್ಲೆಂಡಿನಲ್ಲಿರುವ ಅಪ್ಪನ ಬಳಿಗೆ ಕಳಿಸಬೇಕಂತೆ. ಅಮ್ಮ ಜೆಲ್ಮೀರಾ ನಮ್ಮೂರಿನವಳು. ಬೇಸಿಗೆಗೆಂದು ಮಗಳನ್ನು ಇಲ್ಲಿಗೆ ಕರೆತಂದವಳು ಇಂಗ್ಲೆಂಡಿಗೆ ಮರಳಿಲ್ಲ. ಇದನ್ನು ಸ್ಲೊವಾಕ್ ಭಾಷೆಗೆ ತರುವುದಷ್ಟೇ ನನ್ನ ಕೆಲಸ.

ಈ ಇಂಗ್ಲಿಷ್ ವಕೀಲರು... ನಿಯಮ ಒಂದು ಸಾಲು, ಅದಕ್ಕೆ ವಿನಾಯಿತಿ ಕೊಡುವ ಹೊರತು ಒಂದು ಪುಟ. "ಮೇಲೆ ಏನೇ ಹೇಳಿದ್ದರೂ", "ಬೇರೆ ರೀತಿ ಹೇಳಿರದ ಹೊರತು", "ಇದಕ್ಕೆ ಧಕ್ಕೆ ಬಾರದಂತೆ". ಚಾಪೆ ಕೆಳಗೆ ತೂರುವವರಿಗೆ ರಂಗೋಲಿ ಕೆಳಗೂ ದಾರಿ. ಪ್ರತಿಯೊಂದಕ್ಕೂ ನಮ್ಮಲ್ಲಿ ಬೇರೆ ಪದ, ತೂಗಿ ಇಡಬೇಕು. ಮೊದಲೆಲ್ಲ ಅದೇ ಖುಷಿ. ಊಟದ ಹೊತ್ತಿಗೆ ಗಂಡ ವೆಂಡೆಲಿನ್‌ಗೆ ಓದಿ ಹೇಳುತ್ತಿದ್ದೆ. "ನಿನ್ನ ಇಂಗ್ಲಿಷರು ಮಳೆ ಬರುತ್ತೆ ಅನ್ನೋಕೂ ಒಂದು ಹೊರತು ಇಟ್ಕೋತಾರೆ ಕಣೇ" ಎನ್ನುತ್ತಿದ್ದ. ಅವನು ತೀರಿಹೋಗಿ ಎಂಟು ತಿಂಗಳು. ಈಗ ಏನೂ ಅನ್ನಿಸುವುದಿಲ್ಲ.

ಅಕ್ಟೋಬರ್ 22

ಮುಗಿಯಿತು. ಪರಿಚಿತ ವಾಕ್ಯಗಳಿಗೆ ಕಂಪ್ಯೂಟರೇ ನನ್ನ ಹಳೆಯ ಕೆಲಸದಿಂದ ಅನುವಾದ ತೆಗೆದುಕೊಟ್ಟಿತು. ಒಪ್ಪಿಗೆ ಒತ್ತುತ್ತ ಹೋದೆ. ಮೂಲ, ಅನುವಾದ ಎರಡನ್ನೂ ಮೂರು ಬಣ್ಣದ ದಾರದಲ್ಲಿ ಹೊಲಿದು, ಗಂಟಿನ ಮೇಲೆ ಚೀಟಿ ಅಂಟಿಸಿ, ಅಧಿಕೃತ ಅನುವಾದಕಿಯ ದುಂಡು ಸೀಲು. ನೋಂದಣಿ ಪುಸ್ತಕದಲ್ಲಿ ನಂಬರ್ 212. ಹೊಲಿದ ಮೇಲೆ ಬಿಚ್ಚುವಂತಿಲ್ಲ.

ಅಕ್ಟೋಬರ್ 30

ಸಂಜೆ ಬಾಗಿಲಲ್ಲಿ ಜೆಲ್ಮೀರಾ. ಒಳಗೆ ಬರಲೆಂದು ಬೂಟು ಬಿಚ್ಚಲು ಬಗ್ಗಿದಳು. ತಡೆದೆ.

"ಮೇಡಂ, ಇಂಗ್ಲಿಷಿನಲ್ಲಿ ಒಂದು ಮಾತಿತ್ತು. ಬುದ್ಧಿ ಬಂದ ಮಗು ತಾನೇ ಹೋಗಲ್ಲ ಅಂದ್ರೆ ಕಳಿಸಬೇಕಾಗಿಲ್ಲ ಅಂತ. ನಿಮ್ಮದರಲ್ಲಿ ಇಲ್ಲ."

"ನನ್ನದರಲ್ಲಿ ಎಲ್ಲಾ ಇದೆ."

"ನಮ್ಮ ವಕೀಲರಿಗೆ ಇಂಗ್ಲಿಷ್ ಬರಲ್ಲ. ಸೀಲು ಬಿದ್ದದ್ದೇ ಸತ್ಯ, ನಿನ್ನ ಮಾತಲ್ಲ ಅಂತಾರೆ. ಏಳನೇ ತಾರೀಕು ತಮಾರಾನ ಕಳಿಸಿಬಿಡ್ತಾರೆ. ಒಂದ್ಸಲ ನೋಡಿ ಮೇಡಂ."

"ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡ್ತಿದೀನಿ ಕಣಮ್ಮ."

ಬಾಗಿಲು ಹಾಕಿದೆ. ಎಲೆಕೋಸಿನ ಸೂಪು ಬಿಸಿ ಮಾಡಿದೆ. ತಿಂದೆ.

ನವೆಂಬರ್ 1

ಸತ್ತವರಿಗೆ ದೀಪ ಇಡುವ ದಿನ. ಊರಿಗೆ ಊರೇ ಸ್ಮಶಾನದಲ್ಲಿ, ಕೈತುಂಬ ಸೇವಂತಿಗೆ. ವೆಂಡೆಲಿನ್‌ಗೆ ಎರಡು ದೀಪ ಇಟ್ಟೆ. ನಾದಿನಿ ಬ್ರೊನಿಸ್ಲಾವಾ ತೋಳು ಹಿಡಿದಳು. "ಅತ್ತುಬಿಡಿ ಅತ್ತಿಗೆ, ಹಗುರಾಗುತ್ತೆ." ಬರಲಿಲ್ಲ. ನನ್ನ ಪಾಲಿನದನ್ನೂ ಅವಳೇ ಅತ್ತಳು.

ಮನೆಗೆ ಬಂದು ಫೈಲು ತೆರೆದೆ. ಒಂಬತ್ತನೇ ಪುಟ. ಇತ್ತು. "ಮೇಲೆ ಏನೇ ಹೇಳಿದ್ದರೂ..." ಎಂದು ಶುರುವಾಗುವ ಆರು ಸಾಲು, ಮಗು ಒಲ್ಲೆ ಎಂದರೆ ಕಳಿಸಬೇಕಿಲ್ಲ ಎಂದು. ಹೋದ ವರ್ಷದ ಇನ್ಯಾವುದೋ ಮಗುವಿನ ಆದೇಶದಲ್ಲಿ ಈ ಹೊರತು ಇರಲಿಲ್ಲ. ಕಂಪ್ಯೂಟರ್ ಆ ಅನುವಾದವನ್ನು ತಂದಿಟ್ಟಿತ್ತು.

ಒತ್ತಿದವಳು ನಾನು. ಓದಲೇ ಇಲ್ಲ. ನಾಚಿಕೆಯಾಗಬೇಕಿತ್ತು. ಕೈ ತಣ್ಣಗಿತ್ತು, ಅಷ್ಟೇ.

ನವೆಂಬರ್ 3

ಹೊಸ ದಾರ, ಹೊಸ ಸೀಲು, ನಂಬರ್ 219. ಜೊತೆಗೆ ತಪ್ಪೊಪ್ಪಿಗೆಯ ಪತ್ರ. ಕೋರ್ಟಿನ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿದಳು.

"ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಸೀಲು ಕಿತ್ಕೊಂಡ್ರೆ ಏನ್ಮಾಡ್ತೀರಾ?"

"ಕಿತ್ಕೊಳ್ಳಲಿ. ಇವತ್ತೇ ನ್ಯಾಯಾಧೀಶರ ಮುಂದೆ ಇಡಿ."

ಹೊರಗೆ ಬಂದು ಜೆಲ್ಮೀರಾಗೆ ಫೋನು ಮಾಡಿದೆ. ತಪ್ಪು ನನ್ನದು ಅಂದೆ. ಹೊಸ ನಂಬರ್ ಕೇಳಿ ಬರೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 6, ಮಧ್ಯಾಹ್ನ 2

ಈಗಷ್ಟೇ ಕೋರ್ಟಿನಿಂದ ಬಂದೆ. ಕೋಟು ಇನ್ನೂ ಮೈಮೇಲೇ ಇದೆ. ತಮಾರಾಳನ್ನೇ ಕೇಳುತ್ತೇವೆ ಎಂದು ಕರೆಸಿದ್ದರು. ಅಪ್ಪ ಗ್ರೇಮ್‌ಗೆ ದುಭಾಷಿ ಬೇಕು. ಬೇರೆ ಯಾರೂ ಸಿಗದೆ ನನ್ನನ್ನೇ ಕೂರಿಸಿದರು.

"ಹೆದರಬೇಡ ಪುಟ್ಟಿ. ಅಪ್ಪನ ಜೊತೆ ಹೋಗೋಕೆ ಇಷ್ಟ ಇದ್ಯಾ?" ನ್ಯಾಯಾಧೀಶರು ಕೇಳಿದರು.

ಹುಡುಗಿ ಅವರನ್ನೂ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ಗ್ರೇಮ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ಬರಲ್ಲ ಅಂದ್ರೂ ನೀನು ನನ್ನ ಅಪ್ಪನಾಗೇ ಇರ್ತೀಯಾ?"

ಎಲ್ಲರೂ ನನ್ನ ಕಡೆ ನೋಡಿದರು. ಸ್ಲೊವಾಕ್‌ನಲ್ಲಿ ಮಗುವಿಗೂ ಬರುವ ವಾಕ್ಯ. ಬಾಯಿ ತೆರೆದೆ. ಮೇಜು ಹಿಡಿದು ಅಳುತ್ತ ಕೂತೆ, ತುಂಬಿದ ಕೋರ್ಟಿನಲ್ಲಿ.

ಗ್ರೇಮ್ ಎದ್ದು ಹೋಗಿ ಮಗಳ ಮುಂದೆ ಮಂಡಿಯೂರಿ ಏನೋ ಅಂದ. ಅದನ್ನೂ ನಾನೇ ಹೇಳಬೇಕಿತ್ತು. ಸ್ಲೊವಾಕ್ ಭಾಷೆಯಲ್ಲಿ ಹೇಳಿದವಳು ಜೆಲ್ಮೀರಾ. ಎದ್ದು ನಿಂತು, ಗೋಡೆ ನೋಡುತ್ತ, ತನ್ನ ಮೇಲೇ ಕೇಸು ಹಾಕಿದವನ ಮಾತನ್ನು ಒಂದಕ್ಷರ ಬಿಡದೆ —

"ಇರ್ತೀನಿ ಅಂತಿದಾರೆ. ನೀನು ಎಲ್ಲೇ ಇದ್ರೂ ನಿನ್ನ ಅಪ್ಪನಾಗೇ ಇರ್ತೀನಿ ಅಂತ."