ಹಿತ್ತಿಲಿಲ್ಲದ ರಟ್ಟು

ದಿಬ್ಬದೂರು, ಕೋಲಾರ ಸೀಮೆ
೨೨೧೯ನೇ ಇಸವಿ, ಫೆಬ್ರವರಿ ಮೂವತ್ತು

ಯಶೋಧರಜ್ಜಿ,

ತಾರೀಖು ನೋಡಿ ನಗಬೇಡ. ತಿಂಗಳುಗಳಲ್ಲೂ ಮೇಲುಕೀಳು ಯಾಕೆಂದು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಇಪ್ಪತ್ತರ ಹುಡುಗಿಯನ್ನು ಅಜ್ಜಿ ಎಂದದ್ದಕ್ಕೂ, ಕಿವಿಗೊಗ್ಗದ ನಮ್ಮ ಮಾತುಗಳಿಗೂ ಕ್ಷಮೆಯಿರಲಿ.

ಇನ್ನೂರು ವರ್ಷ ಹಿಂದಿನ ನಿನ್ನ ಕಾಲದಲ್ಲಿ, ಈಗ ನೀನು ಕಟ್ಟಡ ಡಿಸೈನ್ ತರಗತಿಯಲ್ಲಿ ಕೂತಿದ್ದೀಯ. ಎದುರಿಗೆ ಬೂದು ರಟ್ಟಿನ ಮಾದರಿ. ಅದು ಮನೆಯಲ್ಲ, ಗುಡಿಯಲ್ಲ, ಆಫೀಸೂ ಅಲ್ಲ. ಒಳಗು ಹೊರಗು, ಹತ್ತಿರ ದೂರ, ಈ ಸಂಬಂಧಗಳನ್ನಷ್ಟೇ ರಟ್ಟು, ಕಡ್ಡಿ, ಖಾಲಿ ಜಾಗಗಳಲ್ಲಿ ಕಟ್ಟಿ ತೋರಿಸಬೇಕಿತ್ತು. ಯಾರು ಬೇಕಾದರೂ ಯಾವ ಕಡೆಯಿಂದಲಾದರೂ ಒಳಬರಬಹುದಾದದ್ದನ್ನು ನೀನು ಕಟ್ಟಿದೆ. ಮೇಷ್ಟ್ರು ಅದನ್ನೊಂದು ಸುತ್ತುಹಾಕಿ, "ಏನಮ್ಮಾ ಇದು, ಮುಂದ್ಯಾವ್ದು ಹಿಂದ್ಯಾವ್ದು ಗೊತ್ತಾಗ್ದೇ ಇರೋದು? ಊಟ ಮುಗಿಯೋದ್ರೊಳಗೆ ಒಂದು ಹಿಂಭಾಗ ಅಂಟ್ಸು, ಇಲ್ಲಾಂದ್ರೆ ಫೇಲು" ಎಂದರು. ತರಗತಿ ನಕ್ಕಿತು. ನಿನ್ನ ಕೈಯಲ್ಲೀಗ ಅಂಟಿನ ಡಬ್ಬಿಯಿದೆ.

ಅವರಿಗೆ ತಿಳಿಯದ್ದು ನಿನಗೆ ತಿಳಿದಿದೆ. ನಿನ್ನವ್ವ ಮುನಿಯಮ್ಮ ದೊಡ್ಡಮನೆಗಳ ಕಸ ಬಳಿದದ್ದು ಹಿತ್ತಿಲ ಬಾಗಿಲಿಂದ ಹೋಗಿ. ಮುಂಬಾಗಿಲ ಹೊಸ್ತಿಲು ತುಳಿದವಳಲ್ಲ. ಹಿಂಭಾಗ ಅಂಟಿಸುವವನು ಅಲ್ಲಿಂದ ಯಾರು ಬರಬೇಕೆಂಬುದನ್ನೂ ತೀರ್ಮಾನಿಸಿರುತ್ತಾನೆ.

ನಮ್ಮೂರ ಮನೆಗಳೆಲ್ಲ ನಾಲ್ಮೊಗ. ಅಂದರೆ ನಾಲ್ಕು ಕಡೆಯೂ ಮುಖ, ಯಾವ ಕಡೆಯೂ ಬೆನ್ನಿಲ್ಲ. ಕಸದ ಗಾಡಿ ಮದುವೆ ದಿಬ್ಬಣದ ಬಾಗಿಲಲ್ಲೇ ಬರುತ್ತದೆ, ದಿಬ್ಬಣ ಸರಿದು ದಾರಿ ಬಿಡುತ್ತದೆ. ಏನು ಕಟ್ಟುವುದಿದ್ದರೂ ಮೊದಲು ರಟ್ಟಿನ ಮಾದರಿ ಮಾಡಿ, ನಡುವೆ ಇಟ್ಟು, ಸುತ್ತಲೂ ಮಕ್ಕಳನ್ನು ಕೂರಿಸುತ್ತೇವೆ. ಇದಕ್ಕೆ ಸುತ್ತುಕೂಟ ಎನ್ನುತ್ತೇವೆ. ತನ್ನ ಕಡೆ ಹಿತ್ತಿಲು ಕಂಡ ಮಗುವಿಗೆ ಅದನ್ನು ಕಿತ್ತೆಸೆಯುವ ಹಕ್ಕಿದೆ.

ಕಳೆದ ಬೇಸಿಗೆ, ಸಭಾಮನೆಯ ಸುತ್ತುಕೂಟದಲ್ಲಿ ಬಿಸಿಲೆಂದು ಪಡುವಣ ಕಡೆ ಯಾರೂ ಕೂರಲಿಲ್ಲ. ಕಕ್ಕಸು, ಕಸದ ಕೋಣೆ, ಪೊರಕೆಯವರ ಬಾಗಿಲು ಎಲ್ಲವೂ ಸದ್ದಿಲ್ಲದೆ ಆ ಕಡೆಗೇ ಜಾರಿಕೊಂಡವು. ನೋಡು, ಇನ್ನೂರು ವರ್ಷದ ಮೇಲೂ ಅದೇ ಹಳೇ ಚಾಳಿ! ಗೋಡೆ ಆಳೆತ್ತರ ಎದ್ದ ಮೇಲೆ ನನ್ನ ಮೊಮ್ಮಗಳು ಚಿಗರಿ, ಕಟ್ಟಡದ ಪಡುವಣಕ್ಕೆ ಹೋಗಿ ಕುಕ್ಕರಿಸಿದಳು.

"ನನ್ ಕಡೆ ಹಿತ್ಲು ಬಂದೈತೆ! ಕಿತ್ತಾಕಿ!"

"ಗೋಡೆ ಎದ್ಬಿಟ್ಟೈತಲ್ಲಮ್ಮಾ" ಎಂದರು ಹಿರಿಯರು.

"ಎದ್ರೆ ಬೀಳ್ಸಿ. ನಿಮ್ಗೇನ್ ಕೈ ಇಲ್ವಾ?"

ಬೀಳಿಸಿದೆವು. ಮೊದಲ ಹಾರೆ ನಾನೇ ಹಾಕಿದೆ. ಕಟ್ಟಿದ್ದಕ್ಕೆ ಎಂದೂ ಪಡದಷ್ಟು ಹೆಮ್ಮೆ ಅವತ್ತು ಕೆಡವಿದ್ದಕ್ಕೆ ಪಟ್ಟೆ. ನಾವಿಬ್ಬರೂ ನಿನ್ನ ಕುಡಿಗಳು, ಅಜ್ಜಿ.

ನಿನ್ನ ರಟ್ಟು ನಮ್ಮ ಶಾಲೆಯ ನಡುಮನೆಯಲ್ಲಿದೆ. ಒಂದು ಬದಿಯಲ್ಲಿ ಅಂಟಿನ ಕಲೆ, ಕಿತ್ತ ಗಾಯ. ನೀನು ಹೆದರಿ ಅಂಟಿಸಿದ್ದೂ ನಮಗೆ ಗೊತ್ತು, ಕಿತ್ತದ್ದೂ ಗೊತ್ತು. ಯಾವಾಗ ಕಿತ್ತೆ ಎಂಬುದೊಂದೇ ಯಾರಿಗೂ ಗೊತ್ತಿಲ್ಲ. ಅದಕ್ಕೇ ಈ ಕೋರಿಕೆ: ವರ್ಷಗಟ್ಟಲೆ ಕಾಯಬೇಡ. ಮೇಷ್ಟ್ರು ಊಟ ಮುಗಿಸಿ ಬರಲಿ. ಅವರ ಕಣ್ಣೆದುರೇ ಕೀಳು.

ನಗುವವರು ನಗಲಿ. ನಿನ್ನ ಸುತ್ತ, ನಾಲ್ಕೂ ಕಡೆ, ನಾವು ಕೂತಿದ್ದೇವೆ.

ನಿನ್ನ
ಹೊನ್ನೂರಿ