ಖಾಲಿ ಲಾರಿಯ ಸದ್ದು

ಮಂಗಳವಾರ, ಮಧ್ಯಾಹ್ನ

ಪಿಟೀಲಿನ ಅಪ್ಪನಿಗೆ,

ನಮಸ್ಕಾರ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನಿಮ್ಮ ಎದೆ ಧಸಕ್ಕೆಂದಿರುತ್ತದೆ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ಮಾವ ಇದ್ದಾರೆ. ಇದು ನಿಮ್ಮ ಕೈ ಸೇರುವ ಹೊತ್ತಿಗೂ ಇರುತ್ತಾರೆ ಎಂದು ಮಾತ್ರ ಹೇಳಲಾರೆ. ಡಾಕ್ಟರೂ ಹೇಳಲಿಲ್ಲ.

ನಿಮ್ಮನ್ನು ಬನ್ನಿ ಎಂದು ಕರೆಯುವುದಕ್ಕೆ ಬರೆಯುತ್ತಿಲ್ಲ. ಬಂದರಿನಲ್ಲಿ ಕ್ರೇನಿನ ಗೂಡಿನೊಳಗೆ ಕುಳಿತರೆ ಉಸಿರು ಸಲೀಸಾಗಿ ಆಡುತ್ತದೆ, ಅಪ್ಪನ ಮನೆಯಲ್ಲಿ ಆಡುತ್ತಿರಲಿಲ್ಲ ಎಂದು ಹೋದ ಹೊಸದರಲ್ಲಿ ಬರೆದಿದ್ದಿರಿ. ಆ ಮಾತನ್ನು ನಾನು ಒಪ್ಪಿಕೊಂಡು ಬಹಳ ಕಾಲವಾಯಿತು. ಆದರೆ ಭಾನುವಾರ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ. ಕಾಗದವೇ ವಾಸಿ.

ಕೆಲಸದ ಜಾಗದಿಂದಲೇ ಬರೆಯುತ್ತಿದ್ದೇನೆ. ಆಸ್ಪತ್ರೆಯ ನೆಲಮಾಳಿಗೆ ಈಗಲೂ ಹಾಗೇ ಇದೆ: ಗೋಡೆಯುದ್ದಕ್ಕೂ ಒಗೆಯುವ ಯಂತ್ರಗಳು, ನಡುವೆ ಚಾದರಗಳಿಗೆ ಇಸ್ತ್ರಿ ಹಾಕುವ ಉದ್ದನೆಯ ರೋಲರು, ಎಲ್ಲಿ ನೋಡಿದರೂ ಹಬೆ. ಹೊಸದೇನೆಂದರೆ, ಮೂರನೇ ಮಹಡಿಯ ಒಂದು ಭಾಗವನ್ನು ಪೂರ್ತಿ ಖಾಲಿ ಮಾಡಿಸಿದ್ದಾರೆ. ಹೊಸ ಮಂಚಗಳು ಬಂದಿವೆ. ಅವಕ್ಕೆಲ್ಲ ಚಾದರ ಸಿದ್ಧ ಮಾಡಿಡಿ ಎಂದು ಮೇಲಿನಿಂದ ಹೇಳಿಕಳಿಸಿದ್ದಾರೆ. ಯಾರಿಗೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಡಿಯ ಸುದ್ದಿ ಎಲ್ಲರ ಮನೆಯ ರೇಡಿಯೋದಲ್ಲೂ ಬರುತ್ತಿದೆಯಲ್ಲ. ಒಂದೊಂದೇ ಬಿಳಿ ಚಾದರ ಮಡಿಸಿ ಪೇರಿಸುವಾಗ ನನ್ನ ಬೆರಳು ತಣ್ಣಗಾಗುತ್ತವೆ, ಅಷ್ಟು ಹಬೆಯಲ್ಲೂ.

ಈಗ ವಿಷಯಕ್ಕೆ ಬರುತ್ತೇನೆ.

ಎರಡು ವಾರದ ಕೆಳಗೆ ಪುರಸಭೆಯ ಕಾರ್ಯದರ್ಶಿ ಮನೆಗೆ ಬಂದರು. ಮಾವ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒರಗಿದ್ದರು. ಹೃದಯ ಸೋತುಹೋಗಿದೆ, ನಾಲ್ಕು ಮಾತಾಡಿದರೆ ಏದುಸಿರು. ಬಾಗಿಲು ಹಾಕಲು ಈಗಲೂ ಬಿಡುವುದಿಲ್ಲ. ಗಾಳಿಯಿರಲಿ, ಚಳಿಯಿರಲಿ, ಅದು ತೆರೆದಿರಲೇಬೇಕು. ಚಮಚ ಬಿದ್ದರೆ ಈಗಲೂ ಮುಖ ಬಿಳಿಚಿಕೊಳ್ಳುತ್ತದೆ. ಇದೆಲ್ಲ ನಿಮಗೆ ಬರೆಯಬೇಕೆ.

ಕಾರ್ಯದರ್ಶಿ ಹಣೆ ಒರೆಸಿಕೊಳ್ಳುತ್ತ, “ಆ ಯುದ್ಧದಲ್ಲಿ ಲಾರಿ ಓಡಿಸಿದವರ ಪೈಕಿ ಉಳಿದಿರೋದು ನೀವೊಬ್ರೇ. ನಿಮಗೆ ಸನ್ಮಾನ ಮಾಡ್ಬೇಕು ಅಂತ ಊರಿನ ಆಸೆ” ಎಂದರು. ಹಿಂದೆಲ್ಲ ಇಂಥವರು ಬಂದರೆ ಮಾವ ಎದ್ದು ಹಿತ್ತಿಲಿಗೆ ಹೋಗಿ ಸೈಕಲ್ಲಿನ ಚಕ್ರ ಬಿಚ್ಚುತ್ತ ಕೂರುತ್ತಿದ್ದರು. ಈ ಸಲವೂ ತಲೆ ಅಲ್ಲಾಡಿಸಿದರು. ಆಮೇಲೆ ಕಾರ್ಯದರ್ಶಿ, “ಹೊಸದಾಗಿ ಸೇನೆಗೆ ಸೇರಿದವ್ರನ್ನ ಅವತ್ತೇ ಬೀಳ್ಕೊಡ್ತೀವಿ. ನಿಮ್ಮ ಕೈಯಿಂದಲೇ ಅವರಿಗೆ ಬಿಲ್ಲೆ ತೊಡಿಸೋಣ ಅಂತಿತ್ತು” ಎಂದರು.

ಮಾವ ಕಣ್ಣು ತೆರೆದರು. “ಹೊಸಬರು ಬರ್ತಾರಾ? ಎಲ್ಲಿ ಕೂತಿರ್ತಾರೆ?”

“ನಿಮ್ಮ ಎದುರಿಗೇ.”

“ಹಾಗಾದ್ರೆ ಬರ್ತೀನಿ.”

ನನಗೆ ನಂಬಿಕೆಯೇ ಬರಲಿಲ್ಲ. ಕಾರ್ಯದರ್ಶಿ ಹೋದ ಮೇಲೆ ಕಾರಣ ಕೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದರು.

ಕಾರಣ ತಿಳಿದದ್ದು ಆ ವಾರದ ಕೊನೆಗೆ, ನಮ್ಮ ಪಿಟೀಲು ಕೂದಲು ಕತ್ತರಿಸಿಕೊಂಡು ಬಂದಾಗ. ಅವಳ ಜಡೆ ನೀವು ನೋಡಿದ್ದು ಯಾವಾಗಲೋ. ಸೊಂಟದವರೆಗೆ ಬಂದಿತ್ತು. ಈಗ ಕಿವಿಗಳೆರಡೂ ಬೋಳುಬೋಳಾಗಿ ಕಾಣುತ್ತಿದ್ದವು. ಎಳೆಯ ಮಗುವಾಗಿದ್ದಾಗ ಅವಳ ಅಳು ಕೇಳಿ ನೀವೇ ಇಟ್ಟ ಹೆಸರು ಅದು, ಪಿಟೀಲು ಎಂದು. ಆಗಲೂ ಅವಳ ಕಿವಿ ಹೀಗೇ ಎದ್ದು ಕಾಣುತ್ತಿದ್ದವು. ನಾನು ಬ್ರೆಡ್ಡು ಕೊಯ್ಯುತ್ತಿದ್ದೆ. “ಸೇರಿಬಿಟ್ಟಿದ್ದೀನಿ ಅಮ್ಮ” ಎಂದಳು. “ಸಾಗಾಣಿಕೆ ವಿಭಾಗ. ಬೇಕರಿ ವ್ಯಾನ್ ಓಡಿಸ್ತಿದ್ದೆನಲ್ಲ, ಅದನ್ನ ನೋಡಿ ತಗೊಂಡ್ರು. ಲಾರಿ ಓಡಿಸೋದು. ತಾತನ ಹಾಗೇ.”

ಕೈಯಲ್ಲಿದ್ದ ಚಾಕುವನ್ನು ನಾನು ಮೆಲ್ಲಗೆ ಬಟ್ಟೆಯ ಮೇಲೆ ಇಟ್ಟೆ, ಸದ್ದಾಗದ ಹಾಗೆ. ಈ ಮನೆ ಕಲಿಸಿದ ಅಭ್ಯಾಸ. “ತಾತನಿಗೆ ಗೊತ್ತಾ?” ಎಂದು ಕೇಳಿದೆ.

“ಮೊದಲು ಹೇಳಿದ್ದೇ ಅವರಿಗೆ.”

ನಾನು ನೇರ ಮಾವನ ಹತ್ತಿರ ಹೋದೆ. “ಬೇಡ ಅನ್ನಿ ಮಾವ. ನನ್ನ ಮಾತು ಕೇಳಲ್ಲ, ನೀವಂದ್ರೆ ಕೇಳ್ತಾಳೆ” ಎಂದು ಬೇಡಿಕೊಂಡೆ. ಅವರು, “ಬೇಡ ಅಂದ್ರೆ ಕೇಳೋ ವಯಸ್ಸಲ್ಲಮ್ಮ ಅದು. ನಮ್ಮಪ್ಪ ಬಾಗಿಲಿಗೆ ಅಡ್ಡ ಮಲಗಿದ್ದ. ದಾಟ್ಕೊಂಡು ಹೋದೆ” ಎಂದರು.

ಅವತ್ತಿನಿಂದ ನನಗೆ ಭಯದ ಸಂಸಾರ. ಬೀದಿಯಲ್ಲಿ ಮೋಟಾರು ನಿಂತರೆ ಭಯ, ನಿಲ್ಲದೆ ಹೋದರೆ ಇನ್ನೊಂದು ಭಯ. ಬೆಳಿಗ್ಗೆ ಎದ್ದು ಮೊದಲು ಮಾವನ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತೇನೆ, ಆಮೇಲೆ ಮಗಳ ಕೋಣೆಗೆ ಹೋಗಿ ಅವಳದ್ದನ್ನೂ ನೋಡುತ್ತೇನೆ. ಒಬ್ಬರದು ಮುಗಿಯುತ್ತಿರುವ ಉಸಿರು, ಇನ್ನೊಬ್ಬಳದು ಗಟ್ಟಿಮುಟ್ಟಾದ ಉಸಿರು. ಯಾವುದನ್ನು ನೋಡಿದರೆ ಹೆಚ್ಚು ಹೆದರಿಕೆಯಾಗುತ್ತದೆ ಎಂದು ಕೇಳಿದರೆ ನಾನು ಹೇಳಲಾರೆ.

ಭಾನುವಾರ ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋದೆವು. ಪುರಭವನ ತುಂಬಿತ್ತು. ವೇದಿಕೆಯ ಕೆಳಗೆ ಉದ್ದನೆಯ ಎರಡು ಬೆಂಚುಗಳನ್ನು ಎದುರುಬದುರು ಹಾಕಿ ಹೊಸಬರನ್ನು ಕೂರಿಸಿದ್ದರು. ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುತ್ತಿತ್ತು. ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಪಿಟೀಲೂ ಆ ಕೊನೆಯಲ್ಲಿ ಇದ್ದಳು. ಅವರನ್ನು ಕಂಡದ್ದೇ ಮಾವನ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಅಷ್ಟು ಬಲ ಅವರಲ್ಲಿ ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ. “ಲಾರಿಯಲ್ಲೂ ಹೀಗೇ ಕೂತಿರ್ತಿದ್ರು” ಎಂದರು. ವಾಪಸು ಹೋಗೋಣವೇ ಎಂದು ಕೇಳಿದೆ. ಬೇಡ ಎಂದರು.

ಕಾರ್ಯದರ್ಶಿಯವರ ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಶೆಲ್ಲುಗಳ ಮಳೆಯಲ್ಲೂ ಲಾರಿ ನಿಲ್ಲಿಸದ ವೀರ, ಅಮರ, ಇತಿಹಾಸ ಮರೆಯದ ಹೆಸರು, ಹೀಗೆ. ಮಾವ ನನ್ನ ಕಡೆ ಬಾಗಿ, “ನಾನಿನ್ನೂ ಹೋಗಿಲ್ಲ ಅಂತ ಆತನಿಗೆ ಯಾರಾದ್ರೂ ಹೇಳ್ರಮ್ಮ” ಎಂದರು. ಆ ಭಯದಲ್ಲೂ ನನಗೆ ನಗು ಬಂತು.

ಆಮೇಲೆ ಮೈಕು ಅವರ ಕೈಗೆ ಕೊಟ್ಟರು. ಎರಡು ಮಾತು ಸಾಕು ಎಂದಿದ್ದರು. ಅವರ ಉಸಿರು ಮಾತ್ರ ಮೈಕಿನಲ್ಲಿ ಸಭಾಂಗಣದ ತುಂಬ ಕೇಳುತ್ತಿತ್ತು, ಗರಗಸ ಎಳೆದ ಹಾಗೆ. ಬಿದ್ದುಬಿಡುತ್ತಾರೆ, ಇಲ್ಲೇ, ಈ ಎಲ್ಲ ಜನರ ಎದುರಿಗೆ ಬಿದ್ದುಬಿಡುತ್ತಾರೆ ಎಂದು ನಾನು ಗಾಲಿಕುರ್ಚಿಯ ಹತ್ತಿರಕ್ಕೆ ಸರಿದೆ.

“ನಾನು ಲಾರಿ ಓಡಿಸ್ತಿದ್ದೆ” ಎಂದರು ಕಡೆಗೆ. “ನಿಮ್ಮಂಥವರನ್ನ ಗುಡ್ಡದ ಮೇಲಕ್ಕೆ ಬಿಟ್ಟು ಬರೋದು ನನ್ನ ಕೆಲಸ. ದಾರಿ ಉದ್ದಕ್ಕೂ ಹಾಡ್ತಿದ್ರು. ನನ್ನ ಬೆನ್ನ ಹಿಂದಿನ ಕಿಂಡಿ ತಟ್ಟಿ ಎಲ್ಲರೂ ಒಂದೇ ಕೇಳ್ತಿದ್ರು. ಮೇಲೆ ಹೇಗಿದೆಯಣ್ಣಾ, ಅಂತ. ಏನಿಲ್ಲ, ಸ್ವಲ್ಪ ಚಳಿ ಅಷ್ಟೇ, ಅಂತಿದ್ದೆ. ಹಾಗೇ ಹೇಳ್ಬೇಕು ಅಂತ ನಮಗೆ ಆಜ್ಞೆ ಇತ್ತು. ಬರುವಾಗ ಲಾರಿ ಖಾಲಿ. ತುಂಬಿದ ಲಾರಿಗಿಂತ ಖಾಲಿ ಲಾರಿ ಸದ್ದು ಜಾಸ್ತಿ.”

ಅಲ್ಲಿಗೆ ಉಸಿರು ಸಾಲದೆ ನಿಂತರು. ಕಾರ್ಯದರ್ಶಿ ಬ್ಯಾಂಡಿನವರಿಗೆ ಕೈಸನ್ನೆ ಮಾಡಿದರು. ತುತ್ತೂರಿಯವನು ತುತ್ತೂರಿಯನ್ನೇ ನೋಡಿಕೊಂಡು ಸುಮ್ಮನೆ ಕುಳಿತ. ಆಗ ಪಿಟೀಲು ಎದ್ದು ನಿಂತಳು. ಅವಳ ಧ್ವನಿ ನಿಮ್ಮ ಹಾಗೆಯೇ, ಗಾಬರಿಯಾದರೆ ಮೇಲಕ್ಕೇರುತ್ತದೆ.

“ಮೇಲೆ ಹೇಗಿರುತ್ತೆ ತಾತ?”

ವೇದಿಕೆಯ ಮೇಲಿದ್ದ ಸೇನಾಧಿಕಾರಿ ಹತ್ತಿರ ಬಂದು, “ಸಾಕು ಹಿರಿಯರೇ, ದಣಿದಿದ್ದೀರಿ” ಎಂದು ಮೈಕಿಗೆ ಕೈ ಚಾಚಿದರು. “ದಣಿದಿದ್ದೀನಿ” ಎಂದರು ಮಾವ. “ಆದ್ರೆ ಈ ಹುಡುಗಿ ಕೇಳಿದಾಳಲ್ಲ.” ಹಿಂದಿನ ಸಾಲಿನಿಂದ ಯಾರೋ ಹೆಂಗಸು, “ಹೇಳ್ಲಿ ಬಿಡಿ ಸಾರ್” ಎಂದಳು. ಅವಳೂ ನನ್ನಂಥ ಒಬ್ಬ ತಾಯಿಯೇ ಇರಬೇಕು. ಅಧಿಕಾರಿ ಕೈ ಹಿಂದಕ್ಕೆ ತೆಗೆದುಕೊಂಡರು.

ಮಾವ ಹೇಳಿದರು. ಗಟ್ಟಿಯಾಗಿ ಅಲ್ಲ. ಅಡುಗೆಮನೆಯಲ್ಲಿ ಕುಳಿತು ಹೇಳುವ ಹಾಗೆ. “ಭಯ ಆಗುತ್ತೆ. ನಾಲಿಗೆ ಅಂಗುಳಕ್ಕೆ ಅಂಟ್ಕೊಳ್ಳುತ್ತೆ. ಹೊಟ್ಟೆ ಮಾತು ಕೇಳಲ್ಲ. ಅಮ್ಮನ ಮುಖ ಹೇಗಿತ್ತು ಅಂತ ನೆನಪಿಗೆ ಬರಲ್ಲ, ಅದೇ ಎಲ್ಲಕ್ಕಿಂತ ಭಯ. ಎಲ್ಲರಿಗೂ ಆಗುತ್ತೆ. ಆಗಲ್ಲ ಅನ್ನೋನಿಗೆ ಇನ್ನೂ ಹೆಚ್ಚು. ನಡುಗ್ತಾ ಇರೋನನ್ನ ನೋಡಿ ನಗಬೇಡಿ. ಅವನ ಪಕ್ಕದಲ್ಲಿ ಕೂತ್ಕೊಳ್ಳಿ. ನನಗೆ ಗೊತ್ತಿರೋದು ಇಷ್ಟೇ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಂಚಿನ ಮೇಲೆ ನಗು ನಿಂತುಹೋಗಿತ್ತು. ಆಮೇಲೆ ಒಬ್ಬೊಬ್ಬರೇ ಮೇಲೆ ಬಂದು ಗಾಲಿಕುರ್ಚಿಯ ಮುಂದೆ ಮಂಡಿಯೂರಿದರು. ಮಾವನ ಕೈಯಲ್ಲಿ ಬಿಲ್ಲೆಯ ಪಿನ್ನು ಬಟ್ಟೆಗೆ ಇಳಿಯುತ್ತಲೇ ಇರಲಿಲ್ಲ. ಒಬ್ಬರೂ ಅವಸರ ಮಾಡಲಿಲ್ಲ. ಪ್ರತಿಯೊಬ್ಬರಿಗೂ, “ಹೆದರಿಕೆ ಇದೆಯಾ?” ಎಂದು ಮೆಲ್ಲಗೆ ಕೇಳುತ್ತಿದ್ದರು. ಇಲ್ಲ ಎಂದವರೇ ಹೆಚ್ಚು. ಬಾಗಿಲು ತುಂಬುವಂಥ ಭುಜದ ಒಬ್ಬ ಮಾತ್ರ, “ಇದೆ ತಾತ” ಎಂದು ಅವರ ಮೊಣಕಾಲಿಗೆ ಹಣೆ ಇಟ್ಟುಕೊಂಡ. ಪಿಟೀಲು ಇಲ್ಲ ಎಂದಳು. ಅವಳ ಕೈಯನ್ನು ಮಾವ ಬಹಳ ಹೊತ್ತು ಬಿಡಲಿಲ್ಲ.

ಹೊರಗೆ ಬಂದಾಗ ಒಬ್ಬ ತಂದೆ ನಮ್ಮನ್ನು ಅಡ್ಡಗಟ್ಟಿ, ಹೊರಡುವ ಮಕ್ಕಳ ಧೈರ್ಯ ಕೆಡಿಸಿದಿರಿ ಎಂದು ಕೂಗಾಡಿದ. ಅವನ ಕಣ್ಣಿನಲ್ಲಿ ನನ್ನ ಕಣ್ಣಿನಲ್ಲಿರುವುದೇ ಇತ್ತು, ಹಾಗಾಗಿ ನನಗೆ ಸಿಟ್ಟು ಬರಲಿಲ್ಲ. ಸನ್ಮಾನದ ಫಲಕ ಕೊಡುವುದನ್ನು ಕಾರ್ಯದರ್ಶಿ ಮರೆತರೋ, ಬೇಕೆಂದೇ ಇಟ್ಟುಕೊಂಡರೋ, ಗೊತ್ತಿಲ್ಲ. ಮಾವ ಕೇಳಲೂ ಇಲ್ಲ.

ಮನೆಗೆ ಬಂದವರು ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಡಾಕ್ಟರು ನೋಡಿ ನನ್ನನ್ನು ಹೊರಗೆ ಕರೆದರು. ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಆ ಮುಖ ಓದಲು ಬರುತ್ತದೆ.

ನಿನ್ನೆ ಬೆಳಿಗ್ಗೆ ಹಾಲು ಕುಡಿಸುತ್ತಿದ್ದಾಗ ಅವರಾಗಿಯೇ ನಿಮ್ಮ ಮಾತು ತೆಗೆದರು. ಚಿಕ್ಕಂದಿನಲ್ಲಿ ನಿಮ್ಮ ತಗಡಿನ ಗಾಡಿಯನ್ನು ಅಪ್ಪ ಕಸಿದು ಕಾಲುವೆಗೆ ಎಸೆದ ಕಥೆಯನ್ನು ಮದುವೆಯಾದ ಹೊಸದರಲ್ಲಿ ನೀವು ಹೇಳಿದ್ದಿರಿ. ಯಾಕೆ ಎಂದು ಇವತ್ತಿಗೂ ತಿಳಿಯದು ಎಂದಿದ್ದಿರಿ. “ಆ ಗಾಡಿ ಕಲ್ಲುಹಾದಿಯಲ್ಲಿ ಗಡಗಡ ಅನ್ನೋದು” ಎಂದರು ಮಾವ. “ಖಾಲಿ ಲಾರಿ ಇಳಿಯೋ ಸದ್ದು ಅದು. ತಡೆಯೋಕೆ ಆಗ್ಲಿಲ್ಲ. ಅಷ್ಟು ಚಿಕ್ಕ ಮಗುಗೆ ಏನಂತ ಹೇಳೋದಮ್ಮ? ದೊಡ್ಡವನಾದ ಮೇಲೆ ಹೇಳೋಣ ಅನ್ಕೊಂಡೆ. ದೊಡ್ಡವನಾದ ಮೇಲೆ ಅವನು ನನ್ನನ್ನ ಏನೂ ಕೇಳೋದೇ ಬಿಟ್ಟ.” ಇದರಿಂದ ನಿಮಗೆ ಸಮಾಧಾನ ಆಗಬೇಕು ಎಂದು ನಾನು ಬರೆಯುತ್ತಿಲ್ಲ. ಅವರು ಹೇಳಿದ್ದನ್ನು ನಿಮಗೆ ತಲುಪಿಸಿದ್ದೇನೆ, ಅಷ್ಟೇ.

ಪಿಟೀಲು ಶುಕ್ರವಾರ ಹೊರಡುತ್ತಾಳೆ. ಎರಡು ದಿನದಿಂದ ತಾತನ ಮಂಚ ಬಿಟ್ಟು ಕದಲಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಡ, ಗೇರು ಇಳಿಸು ಎಂದು ಅವರು ಉಸಿರಿಲ್ಲದ ದನಿಯಲ್ಲಿ ಪಾಠ ಹೇಳುವುದು, ಇವಳು ಗಾಳಿಯಲ್ಲೇ ಗೇರು ಬದಲಿಸುವುದು. ನಿನ್ನೆ ಸಂಜೆ ಎದ್ದು ನನ್ನ ಹತ್ತಿರ ಬಂದಳು. “ಅಮ್ಮ, ನನಗೂ ಭಯ ಆಗ್ತಿದೆ” ಎಂದಳು.

“ಹಾಗಾದ್ರೆ ಹೋಗ್ಬೇಡ” ಎಂದೆ. ನಾಚಿಕೆ ಬಿಟ್ಟು ಹೇಳಿದೆ.

“ಹೋಗ್ತೀನಿ. ಆದ್ರೆ ಭಯ ಆದಾಗ ನಿನಗೆ ಹೇಳ್ಬಹುದು ಅಲ್ವಾ?”

ಹೇಳಬಹುದು ಎಂದೆ. ಆಮೇಲೆ ನಲ್ಲಿ ತಿರುಗಿಸಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ರೋಲರು ನಿಂತಿತು, ಚಾದರಗಳು ಕಾಯುತ್ತಿವೆ. ಮೂರನೇ ಮಹಡಿಗೆ ಇವತ್ತೇ ಕಳಿಸಬೇಕಂತೆ. ನೀವು ಅಷ್ಟು ಎತ್ತರದಲ್ಲಿ ಕೆಲಸ ಮಾಡುವವರು, ಗಾಳಿ ಜೋರಿದ್ದಾಗ ಹುಷಾರು.

ಇಂತಿ,
ಪಿಟೀಲಿನ ಅಮ್ಮ

ತಾ.ಕ.: ಒಂದು ಮಾತು ಬರೆಯದೆ ಬಿಟ್ಟಿದ್ದೆ. ಗಾಡಿಯ ವಿಷಯ ಹೇಳಿದ ಮೇಲೆ ಮಾವ, “ಅವನು ಬರ್ತಾನಾ?” ಎಂದು ಕೇಳಿದರು. ನನ್ನ ಬಾಯಿಂದ, “ಗುರುವಾರ ಬರ್ತೀನಿ ಅಂದಿದ್ದಾರೆ ಮಾವ” ಎಂದು ಬಂದುಬಿಟ್ಟಿತು. ಇವತ್ತು ಬೆಳಿಗ್ಗೆ ಗಡ್ಡ ಬೋಳಿಸು ಎಂದರು. ಬೋಳಿಸಿದೆ. ಕನ್ನಡಿ ಹಿಡಿ ಎಂದರು, ಹಿಡಿದೆ. ಗುರುವಾರದವರೆಗೆ ಹೇಗಾದರೂ ಇರುತ್ತೇನೆ ಎಂದರು. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮಗೆ ಸೋಪಿನ ಪುಡಿ ತರುವ ವ್ಯಾನು ಈಗ ಬಂದರಿಗೆ ವಾಪಸು ಹೊರಟಿದೆ. ಅದರ ಡ್ರೈವರನ ಕೈಗೆ ಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಕ್ರೇನು ಹತ್ತುವ ಮೊದಲು ನಿಮಗೆ ಸಿಗುತ್ತದೆ.