ಜವುಗಿನ ಅಳತೆ

ಹಾಸ್ಟೆಲ್, ಕೋಣೆ ೧೪
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಇಳಿದವೇ? ಹಡಗಿನ ಅಡುಗೆಯವನ ಜೊತೆ ಜಗಳಕ್ಕೆ ನಿಲ್ಲಬೇಡ, ಅನ್ನ ಬಡಿಸುವ ಕೈ ಅದು. ಅಪ್ಪ ಅಮ್ಮ ಆರಾಮಾಗಿದ್ದಾರೆ. ಮಗಳು ಸರ್ವೆ ಓದುತ್ತಿದ್ದಾಳೆಂದು ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಡಂಗುರ ಸಾರುತ್ತಿದ್ದಾರಂತೆ. ಕ್ಷೌರದಂಗಡಿಯವನಿಗೂ ನನ್ನ ಪರೀಕ್ಷೆಯ ತಾರೀಕು ಗೊತ್ತು.

ಆ ಮಗಳು ಹೋದ ಸಲ ಎರಡು ವಿಷಯದಲ್ಲಿ ಫೇಲಾದದ್ದು ಮಾತ್ರ ಅವರಿಗೆ ಗೊತ್ತಿಲ್ಲ. ಈ ಸಲವೂ ಹೋದರೆ ಒಂದು ವರ್ಷ ಮನೆಯಲ್ಲಿ. ಅದೇ ಯೋಚನೆಯಲ್ಲಿ ಊಟ ಸೇರುತ್ತಿರಲಿಲ್ಲ, ಇಡೀ ದಿನ ಒಂದೇ ಪುಟ ತೆರೆದು ಕೂತಿರುತ್ತಿದ್ದೆ. ಕೈ ಬೇರೆ ನಡುಗತೊಡಗಿತು. ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರದಲ್ಲಿ ಒಂದು ಗಾಳಿಗುಳ್ಳೆ ಇರುತ್ತದೆ, ತಿರುಪು ತಿರುಗಿಸಿ ಅದನ್ನು ನಡುವೆ ನಿಲ್ಲಿಸಬೇಕು. ನನ್ನ ಕೈಯಲ್ಲಿ ಅದು ನಿಲ್ಲಲೇ ಇಲ್ಲ. ಹುಡುಗರು ನಕ್ಕರು. ಯಂತ್ರವನ್ನು ಅಲ್ಲೇ ಬಿಟ್ಟು ವರ್ಕ್‌ಶಾಪಿನ ಹಿಂದೆ ಹೋದೆ. ಅಲ್ಲಿ ಕಾಂಪೌಂಡ್ ಗೋಡೆ ಬಿದ್ದ ಕಡೆ ಒಂದು ಸಂದು. ಅಳಲಿಕ್ಕೆಂದು ನುಸುಳಿದವಳು ಅಳುವುದನ್ನೇ ಮರೆತೆ.

ಆಚೆ ಒಂದು ಜವುಗು, ಅಣ್ಣಾ. ಸೊಂಟದೆತ್ತರದ ಜೊಂಡು, ಅದರ ತುದಿಗಳಲ್ಲಿ ಕೆಂಪು ಏರೋಪ್ಲೇನ್ ಚಿಟ್ಟೆಗಳು, ಕೆಸರಲ್ಲಿ ಬಾಲ ಕುಣಿಸುತ್ತ ಓಡಾಡುವ ನೀರುಕೋಳಿ. ನೋಡಲು ಏನೂ ದೊಡ್ಡದಿಲ್ಲ. ಆದರೆ ಅಲ್ಲಿ ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ಮರುದಿನದಿಂದ ದಿನಾ ಬೆಳಿಗ್ಗೆ ಅರ್ಧ ಗಂಟೆ ಅಲ್ಲಿ ಒಂದು ಕಲ್ಲಿನ ಮೇಲೆ ಕೂರತೊಡಗಿದೆ. ವಾರದಲ್ಲಿ ಹಸಿವು ಬಂತು, ಎರಡು ವಾರದಲ್ಲಿ ನಿದ್ದೆ. ಒಂದು ದಿನ ಗುಳ್ಳೆಯೂ ನಡುವೆ ಬಂದು ನಿಂತಿತು.

ಹೋದ ವಾರ ಫೀಲ್ಡ್ ಪರೀಕ್ಷೆಗೆ ಚೀಟಿ ಎತ್ತಿಸಿದರು. ನನ್ನ ಚೀಟಿಯಲ್ಲಿ ಇದ್ದದ್ದು ಅದೇ ಜಾಗ. ಎಲ್ಲಿ ಎಷ್ಟು ತಗ್ಗಿದೆ ಅಳೆದು, ಮುಚ್ಚಲು ಎಷ್ಟು ಲಾರಿ ಮಣ್ಣು ಬೇಕೆಂದು ಲೆಕ್ಕ ಕೊಡಬೇಕು. ಅಲ್ಲಿ ಬಸ್ಸುಗಳ ಶೆಡ್ ಬರುತ್ತದಂತೆ. ಬೇರೆ ಜಾಗ ಕೊಡಿ ಎಂದು ಸರ್ವೆ ಮೇಷ್ಟ್ರನ್ನು ಕೇಳಿಕೊಂಡೆ. ಅವರು ಕೆಟ್ಟವರಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, "ನೀನು ಅಳೀದೆ ಇದ್ರೆ ಇನ್ನೊಬ್ರು ಅಳೀತಾರೆ, ಅಷ್ಟೇ ಕಣಮ್ಮ. ನಾನು ಬೇಡ ಅಂದ್ರೆ ನಿಲ್ಲತ್ತಾ?" ಎಂದರು.

ತಪ್ಪು ಅಂಕಿ ಬರೆದುಬಿಡೋಣ ಅನ್ನಿಸಿತು. ಬರೆದರೆ ಫೇಲು, ಜವುಗಂತೂ ಉಳಿಯುವುದಿಲ್ಲ. ಎರಡು ದಿನ ಜೊಂಡು ತುಳಿದುಕೊಂಡು ಅಳೆದೆ. ಕೈ ಒಂದು ಸಲವೂ ನಡುಗಲಿಲ್ಲ, ಅಣ್ಣಾ. ನಡುಗಿದ್ದರೆ ಚೆನ್ನಾಗಿತ್ತು. ನನ್ನ ನಕ್ಷೆಯೇ ಎಲ್ಲರದಕ್ಕಿಂತ ಅಚ್ಚುಕಟ್ಟಾಗಿದೆಯೆಂದು ಮೇಷ್ಟ್ರು ಅದನ್ನೇ ಕಂಟ್ರಾಕ್ಟರಿಗೆ ಕಳಿಸಿದರು. ಪಾಸಾದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವರು ಆಗಲೇ ಕ್ಷೌರದಂಗಡಿಗೆ ಹೊರಟರು.

ಹೊತ್ತಿಗೆ ಸರಿಯಾಗಿ ಉಣ್ಣು. ಡೆಕ್ಕಿನ ಮೇಲೆ ಸ್ವಲ್ಪ ಗಾಳಿಗೆ ನಿಲ್ಲು. ನಿನ್ನ ಜೊತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ಹೋದಲ್ಲೆಲ್ಲ ಹಿಂದೆ ಬರುತ್ತಿದ್ದ ನಿನ್ನ ಬಾಲ

ಮರೆತಿದ್ದೆ: ನಿನ್ನೆ ಕಂಟ್ರಾಕ್ಟರಿಗಾಗಿ ಒಂದು ಅಳತೆ ಮತ್ತೆ ನೋಡಲು ಜೊಂಡು ಸರಿಸಿದಾಗ ಅಳತೆಕೋಲಿನ ಬುಡದಲ್ಲೇ ನೀರುಕೋಳಿಯ ಗೂಡು ಕಂಡಿತು. ಆರು ಮೊಟ್ಟೆ, ಇನ್ನೂ ಬೆಚ್ಚಗಿದ್ದವು. ಯಾರಿಗೂ ಹೇಳಿಲ್ಲ. ನಾಳೆಯಿಂದ ಲಾರಿಗಳು ಬರುತ್ತವೆ. ಗೂಡನ್ನು ಎತ್ತಿ ಬೇರೆ ಕಡೆ ಇಟ್ಟರೆ ತಾಯಿ ಹುಡುಕಿಕೊಂಡು ಬರುತ್ತದೆಯೇ? ಈ ಕಾಗದ ನಿನ್ನ ಕೈಸೇರಲು ಒಂದು ತಿಂಗಳಾದರೂ ಬೇಕು, ಗೊತ್ತು. ಆದರೂ ಬರೆ.